ಹಾಳೆ ತಟ್ಟೆಗೆ ಡೈ ಆರಿಸುವುದು ಹೇಗೆ? ಮೊದಲು ನಿಮ್ಮ ತೋಟದ ಹಾಳೆ ಅಳೆಯಿರಿ

ಅಡಿಕೆ ಸೋಗೆಯ ಬುಡದ ಅಗಲ ಕವಚವಾದ ಹಾಳೆಯನ್ನು ಒತ್ತಿ ತಟ್ಟೆ ಮಾಡುವ ಯಂತ್ರ ಹಾಕಬೇಕೆಂದು ಯೋಚಿಸುವ ಅಡಿಕೆ ಕೃಷಿಕರು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗಲೂ ಇದ್ದಾರೆ. ಕೇರಳದಲ್ಲಿ 2020ರ ಜನವರಿ 1ರಿಂದ ಮತ್ತು ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂದ ಮೇಲೆ ವಿಚಾರಿಸುವವರೂ ಹೆಚ್ಚಾದರು. ಅವರ ಪ್ರಶ್ನೆಗಳೆಲ್ಲ ಯಂತ್ರದ ಸುತ್ತಲೇ ಇರುತ್ತವೆ: ಕಾಲಲ್ಲಿ ತುಳಿಯುವುದು ಸಾಕೋ, ಹೈಡ್ರಾಲಿಕ್ ಬೇಕೋ, ಸಬ್ಸಿಡಿ ಸಿಕ್ಕೀತೋ. ಯಂತ್ರ ಮಾಡುವುದು ಒತ್ತುವ ಕೆಲಸ ಮಾತ್ರ. ತಟ್ಟೆ ಸೀಳುತ್ತದೋ ನಿಲ್ಲುತ್ತದೋ, ಒಂದು ಹಾಳೆಯಲ್ಲಿ ಒಂದೇ ತಟ್ಟೆಯೋ ಎರಡೋ ಎಂಬುದು ಅದಕ್ಕೆ ಕೂರಿಸುವ ಮೇಲಿನ ಡೈ, ಕೆಳಗಿನ ಡೈ ಎಂಬ ಲೋಹದ ಅಚ್ಚುಗಳ ಜೋಡಿಯ ಮೇಲೆ ನಿಂತಿದೆ. ಆ ಜೋಡಿಯನ್ನು ಅಂಗಡಿಯ ಪಟ್ಟಿ ನೋಡಿ ಆರಿಸಬಾರದು. ನಿಮ್ಮ ತೋಟದಲ್ಲಿ ಬೀಳುವ ಹಾಳೆ ನೋಡಿ ಆರಿಸಬೇಕು.

ಹಾಳೆಯ ಅಳತೆ

ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಎಲ್ಲವೂ ಒಂದೇ ಅಳತೆಯವಲ್ಲ. ನೀರು, ಗೊಬ್ಬರ ಚೆನ್ನಾಗಿರುವ ಮರದ ಹಾಳೆ ಅಗಲ, ಸೊರಗಿದ ಮರದ್ದು ಸಣ್ಣ. ಹಳದಿ ರೋಗ ತಗುಲಿದ ತೋಟದಲ್ಲಿ ಸೋಗೆ ಗಿಡ್ಡವಾಗುತ್ತದೆ, ಹಾಳೆಯೂ ಕುಗ್ಗುತ್ತದೆ. ಆದ್ದರಿಂದ ಡೈಗೆ ಮುಂಗಡ ಕೊಡುವ ಮೊದಲು ತೋಟದ ಬೇರೆ ಬೇರೆ ಮೂಲೆಗಳಿಂದ ನೂರು ಹಾಳೆಯಾದರೂ ಹೆಕ್ಕಿ ತಂದು ಅಳೆಯಿರಿ.

ಒಣಗಿ ಸುರುಟಿದ ಹಾಳೆಗೆ ಟೇಪು ಹಿಡಿದರೆ ಸರಿಯಾದ ಲೆಕ್ಕ ಸಿಗದು. ಕಾಲು ಗಂಟೆ, ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಜಗಲಿಯಲ್ಲಿ ಹರಡಿ ಅಳೆಯಬೇಕು. ಎರಡು ಬದಿಯ ತೆಳು ಅಂಚನ್ನು, ಸೀಳಿದ ಭಾಗವನ್ನು ಲೆಕ್ಕಕ್ಕೆ ಸೇರಿಸಬೇಡಿ. ಮರಕ್ಕೆ ಅಂಟಿಕೊಂಡಿದ್ದ ಬುಡದ ಕಡೆ ಅಗಲ ಹೆಚ್ಚು, ಸೋಗೆಯ ದಂಟಿನ ಕಡೆ ಕಿರಿದು. ಎರಡೂ ಕಡೆಯ ಅಗಲ, ಬಳಸಬಹುದಾದ ಉದ್ದ, ನಡುವಿನ ಮತ್ತು ಅಂಚಿನ ದಪ್ಪ, ಇಷ್ಟನ್ನೂ ಬರೆದಿಟ್ಟುಕೊಳ್ಳಿ. ದಪ್ಪಕ್ಕೆ ವರ್ನಿಯರ್ ಕ್ಯಾಲಿಪರ್ ಬೇಕು.

ಈಗ ತಟ್ಟೆಯ ಲೆಕ್ಕ. ಬಾಯಿ 10 ಇಂಚು, ತಳ 8 ಇಂಚು, ಆಳ 1 ಇಂಚು ಇರುವ ದುಂಡು ತಟ್ಟೆ ಎಂದಿಟ್ಟುಕೊಳ್ಳಿ. ಅದರ ಓರೆಗೋಡೆಯ ಉದ್ದ ಸುಮಾರು 1.4 ಇಂಚು. ಎರಡು ಬದಿಗೆ 2.8, ತಳದ 8 ಸೇರಿ 10.8. ಅಂಚು ಕತ್ತರಿಸಲು ಪ್ರತಿ ಬದಿಗೆ ಅರ್ಧ ಇಂಚು ಬಿಟ್ಟರೆ 11.8. ಅಂದರೆ 10 ಇಂಚಿನ ತಟ್ಟೆಗೆ ಹೆಚ್ಚುಕಡಿಮೆ 12 ಇಂಚು ಅಗಲದ ಗಟ್ಟಿ ಹಾಳೆ ಬೇಕು. ಇದೇ ಆಕಾರದ 12 ಇಂಚಿನ ತಟ್ಟೆಗೆ 14 ಇಂಚು ಬೇಕು. ನಿಮ್ಮ ನೂರು ಹಾಳೆಗಳಲ್ಲಿ 14 ಇಂಚು ದಾಟಿದವು ಎಷ್ಟು ಎಂದು ಎಣಿಸಿ ನೋಡಿ. ಕಾಲು ಭಾಗವೂ ಇಲ್ಲದಿದ್ದರೆ 12 ಇಂಚಿನ ಡೈಯ ಆಸೆ ಬಿಡುವುದೇ ಒಳ್ಳೆಯದು. ಮದುವೆಗೆ ದೊಡ್ಡ ತಟ್ಟೆ ಕೇಳುತ್ತಾರೆ ಎಂಬುದು ನಿಜ. ಆದರೆ ನಮ್ಮಲ್ಲಿ ಮದುವೆಯ ದೊಡ್ಡ ಊಟ ಇನ್ನೂ ಬಾಳೆ ಎಲೆಯಲ್ಲೇ. ಹಾಳೆ ತಟ್ಟೆ ಹೆಚ್ಚು ಖರ್ಚಾಗುವುದು ಬೆಳಗ್ಗಿನ ಇಡ್ಲಿ, ಅವಲಕ್ಕಿ, ಸಜ್ಜಿಗೆಗೆ, ದೇವಸ್ಥಾನದ ಉಪಾಹಾರಕ್ಕೆ. ಅದಕ್ಕೆ 8, 10 ಇಂಚು ಧಾರಾಳ.

6 ಇಂಚು ಬಾಯಿ, 4 ಇಂಚು ತಳ, ಒಂದೂವರೆ ಇಂಚು ಆಳದ ಬಟ್ಟಲಿಗೆ ಇದೇ ಲೆಕ್ಕದಲ್ಲಿ ಸುಮಾರು 8.6 ಇಂಚು ಬೇಕು. ಬುಡದ ಕಡೆಯಿಂದ 10 ಇಂಚಿನ ತಟ್ಟೆ ತೆಗೆದ ಮೇಲೆ ಅದೇ ಹಾಳೆಯ ದಂಟಿನ ಕಡೆ ಈ ಬಟ್ಟಲು ಕೂರುತ್ತದೆ, ಹಾಳೆಗೆ 21 ಇಂಚಿನಷ್ಟು ಉದ್ದ ಇದ್ದರಾಯಿತು. ಎರಡು ಜೋಡಿ ಡೈ ಕೊಳ್ಳುವುದಾದರೆ ಹೀಗೆ ಒಂದೇ ಹಾಳೆಯಲ್ಲಿ ಹೊಂದುವ ಜೋಡಿಯನ್ನೇ ಕೊಳ್ಳಿ. 10 ಮತ್ತು 12 ಇಂಚಿನ ಡೈಗಳನ್ನು ಒಟ್ಟಿಗೆ ತಂದರೆ ಎರಡೂ ಬುಡದ ಭಾಗವನ್ನೇ ಕೇಳುತ್ತವೆ, ದಂಟಿನ ಭಾಗ ರಾಶಿ ಬೀಳುತ್ತದೆ.

ನಾರಿನ ದಿಕ್ಕು

ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ಉದ್ದಕ್ಕೆ ಎಳೆದರೆ ಹಾಳೆ ಜಗ್ಗುವುದಿಲ್ಲ, ಅಡ್ಡಕ್ಕೆ ಎಳೆದರೆ ನಾರಿನ ನಡುವೆ ಸೀಳು ಬಿಡುತ್ತದೆ. ಡೈಯ ಆಕಾರ ಆರಿಸುವಾಗ ಇದನ್ನು ಮರೆಯುವ ಹಾಗಿಲ್ಲ. ತಳ ಮತ್ತು ಗೋಡೆ ಸೇರುವಲ್ಲಿ ಚೂಪು ಮೂಲೆ ಇದ್ದರೆ ಹಾಳೆ ಅಲ್ಲೇ ಸೀಳುತ್ತದೆ. ಬೆರಳ ತುದಿ ಸಲೀಸಾಗಿ ಕೂರುವಷ್ಟು ದುಂಡನೆಯ ತಿರುವು ಇರುವ ಡೈ ನೋಡಿ. ಚೌಕ ತಟ್ಟೆಯ ನಾಲ್ಕು ಮೂಲೆಗಳೂ ಹೀಗೆಯೇ ದುಂಡಗಿರಬೇಕು. ಚೌಕದ ಮೂಲೆಗಳು ಹಾಳೆಯ ತೆಳು ಅಂಚಿನ ಕಡೆಗೇ ಬೀಳುವುದರಿಂದ ಅಲ್ಲಿ ಪೆಟ್ಟು ಎರಡು ಪಟ್ಟು. ಉದ್ದನೆಯ ತಟ್ಟೆಯಾದರೆ ಅದರ ಉದ್ದ ನಾರಿನ ಉದ್ದಕ್ಕೇ ಹೊಂದಲಿ.

ಆಳ ಹೆಚ್ಚಿದಷ್ಟೂ ಬಾಯಿಯ ಹತ್ತಿರ ಹಾಳೆ ಮಡಿಕೆ ಬೀಳುತ್ತದೆ. ಅಗಲವಾದ ಹಾಳೆಯನ್ನು ಕಿರಿದಾದ ಗುಂಡಿಗೆ ತಳ್ಳಿದರೆ ಹೆಚ್ಚಾದ ಸುತ್ತಳತೆ ಎಲ್ಲಿಗಾದರೂ ಹೋಗಲೇಬೇಕಲ್ಲ. ಎರಡು ಇಂಚಿಗಿಂತ ಆಳದ ಬಟ್ಟಲಿನ ಡೈಯನ್ನು ಹೊಸಬರು ಮೊದಲ ವರ್ಷ ತರುವುದು ಬೇಡ. ಬಾಯಿಯ ಸುತ್ತ ಹೊರಕ್ಕೆ ಮಡಚಿದ ಕಂಠ ಇರುವ ಡೈ ತುಸು ದುಬಾರಿಯಾದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬಿಸಿ ಉಪ್ಪಿಟ್ಟು ಬಡಿಸಿದ ತಟ್ಟೆಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲುವವನಿಗೆ ಆ ಕಂಠವೇ ಆಧಾರ.

ಎರಡು ಡೈಗಳ ನಡುವಿನ ಸಂದು

ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ಮೇಲಿನ ಡೈ ಪೂರ್ತಿ ಇಳಿದಾಗ ಎರಡರ ನಡುವೆ ಉಳಿಯುವ ಸಂದು ನೆನೆದ ಹಾಳೆಯ ದಪ್ಪಕ್ಕಿಂತ ತುಸು ಕಡಿಮೆ ಇರಬೇಕು. ಹಾಳೆ ಮೂರು ಮಿಲಿಮೀಟರ್ ಇದ್ದರೆ ಎರಡೂವರೆಯಿಂದ ಆರಂಭಿಸಿ ನೋಡಬಹುದು. ಸಂದು ಹೆಚ್ಚಾದರೆ ತಟ್ಟೆ ಆರಿದ ಮೇಲೆ ಮತ್ತೆ ಸುರುಟುತ್ತದೆ, ತೀರಾ ಕಡಿಮೆಯಾದರೆ ನಾರು ಜಜ್ಜಿಹೋಗುತ್ತದೆ.

ತಳದ ಸಂದು, ಗೋಡೆಯ ಸಂದು ಎರಡೂ ಬೇರೆ ಬೇರೆ. ಕೆಳಗಿನ ಡೈಯ ಆಕಾರವನ್ನೇ ಹಾಗೆಯೇ ಮೇಲಿನದಕ್ಕೂ ಕಡೆದು, ಎರಡೂವರೆ ಮಿಲಿಮೀಟರ್ ಮೇಲೆ ನಿಲ್ಲಿಸಿದರೆ ತಳದಲ್ಲಿ ಎರಡೂವರೆಯೇ ಸಿಗುತ್ತದೆ. 45 ಡಿಗ್ರಿ ಓರೆಯ ಗೋಡೆಯಲ್ಲಿ ಸಿಗುವುದು 1.8ರಷ್ಟು ಮಾತ್ರ. ಗೋಡೆ ಇನ್ನೂ ಕಡಿದಾದರೆ ಇನ್ನೂ ಕಡಿಮೆ. ತಳ ಚೆನ್ನಾಗಿ ಬಂದು ಗೋಡೆ ಮಾತ್ರ ಸೀಳುವುದಕ್ಕೆ ಹಲವು ಸಲ ಇದೇ ಕಾರಣ. ಮೇಲಿನ ಡೈ ಇಳಿಯುವುದನ್ನು ತಡೆದು ನಿಲ್ಲಿಸುವ ಸ್ಟಾಪರ್ ಬೋಲ್ಟ್ ತಿರುಗಿಸಿ ತಳದ ಸಂದು ಸರಿಪಡಿಸಬಹುದು. ಗೋಡೆಯದ್ದನ್ನು ಲೇತಿನಲ್ಲೇ ಸರಿಯಾಗಿ ಕಡೆದಿರಬೇಕು.

ಪರೀಕ್ಷೆಗೆ ಚಪಾತಿ ಹಿಟ್ಟು ಸಾಕು. ಗಟ್ಟಿಯಾಗಿ ಕಲಸಿದ ಹಿಟ್ಟನ್ನು ದಪ್ಪಗೆ ಲಟ್ಟಿಸಿ, ಮೇಲೆ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಹೀಟರ್ ಹಾಕದೆ ತಣ್ಣಗಿನ ಡೈಯಲ್ಲಿ ಕೊನೆಯವರೆಗೆ ಒತ್ತಿ. ಮೆಲ್ಲನೆ ತೆಗೆದು ಚಾಕುವಿನಿಂದ ನಡುವೆ ಅಡ್ಡ ಕೊಯ್ದರೆ ತಳ, ತಿರುವು, ಗೋಡೆ, ಕಂಠ ಎಲ್ಲದರ ದಪ್ಪ ಕಣ್ಣೆದುರೇ ಇರುತ್ತದೆ, ಕ್ಯಾಲಿಪರಿನಿಂದ ಅಳೆಯಿರಿ. ಇನ್ನೊಂದು ಸಲ ಒತ್ತಿ, ಮೊದಲಿನದ್ದಕ್ಕೆ ಅಡ್ಡವಾಗಿ ಕೊಯ್ದು ನೋಡಿ. ಎಡಗೋಡೆ ಬಲಗೋಡೆಗಳಲ್ಲಿ ವ್ಯತ್ಯಾಸ ಕಂಡರೆ ಮೇಲಿನ ಡೈ ನಡುವಿಗೆ ಕೂತಿಲ್ಲ ಎಂದರ್ಥ. ಮಾರುವವರು “ಬಿಸಿ ಆಗುವಾಗ ಸರಿಯಾಗಿ ಕೂತುಕೊಳ್ತದೆ ಅಣ್ಣಾ” ಎಂದರೆ ಒಪ್ಪಬೇಡಿ. ಬಿಸಿಗೆ ಡೈ ಹಿಗ್ಗುತ್ತದೆಯೇ ಹೊರತು ವಾರೆಯಾದದ್ದು ನೇರವಾಗುವುದಿಲ್ಲ.

ಲೋಹ ಯಾವುದು?

ಅಲ್ಯೂಮಿನಿಯಂ ಸಾದಾ ಉಕ್ಕಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ. ಬೇಗ ಕಾಯುತ್ತದೆ, ಡೈಯ ಎಲ್ಲ ಕಡೆ ಒಂದೇ ಬಿಸಿ ಇರುತ್ತದೆ, ಎತ್ತಿ ಬದಲಿಸಲೂ ಹಗುರ. ಆದರೆ ಮೆತ್ತಗಿನ ಲೋಹ, ಬೇಗ ಗೀರು ಬೀಳುತ್ತದೆ. ಸಾದಾ ಉಕ್ಕು ಹೆಚ್ಚು ಬಾಳುತ್ತದೆ. ತೊಂದರೆಯೆಂದರೆ ತುಕ್ಕು. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಊರಿನಲ್ಲಿ, ಒದ್ದೆ ಹಾಳೆಯ ಜೊತೆ ದಿನವಿಡೀ ಇರುವ ಉಕ್ಕಿಗೆ ತುಕ್ಕು ಹಿಡಿಯದೆ ಇರದು. ಕ್ರೋಮ್ ಲೇಪ ಮಾಡಿಸಿದ್ದಾದರೆ ಚಿಂತೆ ಕಡಿಮೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿನ ಭಯ ಕಡಿಮೆ, ಆದರೆ ಶಾಖ ಹರಿಸುವುದರಲ್ಲಿ ಅದು ಸಾದಾ ಉಕ್ಕಿಗಿಂತಲೂ ಹಿಂದೆ. ಹೀಟರ್ ಇರುವಲ್ಲಿ ಹಾಳೆ ಕಂದಾಗಿ ಉಳಿದ ಕಡೆ ಹಸಿಯಾಗಿ ಉಳಿದೀತು.

ಮೇಲೊಂದು ಲೋಹ, ಕೆಳಗೊಂದು ಲೋಹ ಬೇಡ. 30 ಡಿಗ್ರಿಯಿಂದ 110 ಡಿಗ್ರಿಗೆ ಕಾಯುವಾಗ 10 ಇಂಚಿನ ಅಲ್ಯೂಮಿನಿಯಂ ಡೈ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕಿನದು ಕಾಲು ಮಿಲಿಮೀಟರ್. ಅಂಚು ಕತ್ತರಿಸುವ ರಿಂಗಿಗೆ ಈ ವ್ಯತ್ಯಾಸವೇ ಸಾಕು, ಒಂದೋ ಉಜ್ಜುತ್ತದೆ, ಇಲ್ಲವೇ ಕತ್ತರಿಸದೆ ನಾರು ಉಳಿಸುತ್ತದೆ. ಡೈ ಅಲ್ಯೂಮಿನಿಯಂ ಆದರೂ ರಿಂಗ್ ಗಟ್ಟಿ ಉಕ್ಕಿನದ್ದೇ ಇರಬೇಕು. ಬಿಚ್ಚಿ ಸಾಣೆ ಹಿಡಿಸುವಂತೆಯೂ ಇರಬೇಕು. ಆಗಲೂ ಹಿಗ್ಗುವುದರಲ್ಲಿ ವ್ಯತ್ಯಾಸ ಇರುವುದರಿಂದ ರಿಂಗಿನ ಪರೀಕ್ಷೆ ಡೈ ಕಾದ ಮೇಲೆಯೇ ಮಾಡಿ: ಹಳೆಯ ಪೇಪರಿನ ಒಂದು ಹಾಳೆ ಇಟ್ಟು ಒತ್ತಿದರೆ ಸುತ್ತಲೂ ಒಂದೇ ಸಮನೆ ಕತ್ತರಿಸಿ ಬೀಳಬೇಕು.

ಮೇಲಿನ ಡೈಯ ಮೈಯನ್ನು ಕೆಳಗಿನದಕ್ಕಿಂತ ಹೆಚ್ಚು ನಿಗಾ ವಹಿಸಿ ನೋಡಿ. ಹಾಳೆಯ ಒಳಮೈ ನುಣುಪು, ಬಿಳಿ. ಊಟ ಬಡಿಸುವುದು ಆ ಬದಿಗೆ. ಅದನ್ನು ಮೇಲೆ ಮಾಡಿ ಇಡುವುದರಿಂದ ಅದಕ್ಕೆ ತಾಗುವುದು ಮೇಲಿನ ಡೈ. ಅದರಲ್ಲಿ ಲೇತಿನ ಗೆರೆ, ವೆಲ್ಡಿಂಗಿನ ಗಂಟು, ತುಕ್ಕಿನ ಚುಕ್ಕೆ ಏನಿದ್ದರೂ ಪ್ರತಿ ತಟ್ಟೆಯಲ್ಲೂ ಮೂಡುತ್ತದೆ. ಬೆರಳಿನ ಉಗುರು ಎಳೆದಾಗ ಎಲ್ಲೂ ತಡೆಯಬಾರದು.

ಬಿಸಿ ಮತ್ತು ವಿದ್ಯುತ್ತು

ಸಾಮಾನ್ಯವಾಗಿ 90ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲಸ ನಡೆಯುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷ ಒತ್ತಿದರೆ ತಟ್ಟೆ ರೂಪ ಹಿಡಿಯುತ್ತದೆ. ಒಮ್ಮೆ ಒತ್ತಿ, ತುಸು ಸಡಿಲಿಸಿ ಆವಿ ಬಿಟ್ಟು ಮತ್ತೆ ಒತ್ತಿದರೆ ಗುಳ್ಳೆ ಬರುವುದಿಲ್ಲ. ಮೇಲೆ, ಕೆಳಗೆ ಎರಡಕ್ಕೂ ಬಿಸಿಯನ್ನು ಒಂದು ಮಟ್ಟದಲ್ಲಿ ನಿಲ್ಲಿಸುವ ಬೇರೆ ಬೇರೆ ಥರ್ಮೋಸ್ಟಾಟ್ ಇರುವುದನ್ನು ಕೇಳಿ ಪಡೆಯಿರಿ. ಒಟ್ಟು ಎರಡು ಕಿಲೋವಾಟಿನ ಹೀಟರ್ ಎಂಟು ಗಂಟೆ ನಿಲ್ಲದೆ ಉರಿದರೆ 16 ಯುನಿಟ್. ಥರ್ಮೋಸ್ಟಾಟ್ ಇದ್ದರೆ ಅಷ್ಟು ಆಗುವುದಿಲ್ಲ. ಒದ್ದೆ ಕೈ, ಒದ್ದೆ ಹಾಳೆ, ಕರೆಂಟು ಮೂರೂ ಒಂದೇ ಕಡೆ ಸೇರುವ ಕೆಲಸವಿದು. ಅರ್ಥಿಂಗ್ ಮತ್ತು ಕರೆಂಟು ಸೋರಿದೊಡನೆ ತಾನೇ ಕಡಿಯುವ ಇಎಲ್‌ಸಿಬಿ ಸ್ವಿಚ್ ಇಲ್ಲದೆ ಒಂದು ದಿನವೂ ಓಡಿಸಬಾರದು.

ವಿದೇಶದ ಅಳತೆಗೆ ಮರುಳಾಗುವ ಮೊದಲು

ರಫ್ತಿಗೆ ಬೇಕೆಂದು ಚೌಕ, ಹೃದಯಾಕಾರದ ಡೈಗಳನ್ನು ತೋರಿಸುವವರಿದ್ದಾರೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳನ್ನು ಮಾರಬಾರದು, ಬಳಸಬಾರದು ಎಂದು ಹೇಳಿತು. ಅಡಿಕೆಯಲ್ಲಿ ಸಹಜವಾಗಿ ಇರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಆತಂಕ. ತಲೆಮಾರುಗಳಿಂದ ಹಾಳೆ ಬಳಸಿದ ನಮಗೆ ಇದು ನೋವಿನ ಸಂಗತಿಯೇ. ಆದರೂ ಬಂಡವಾಳ ಹಾಕುವವರು ಈ ಮಾತನ್ನು ಕೇಳಿಸಿಕೊಂಡೇ ಮುಂದುವರಿಯಬೇಕು. ಆ ಮಾರುಕಟ್ಟೆಯನ್ನೇ ನಂಬಿ ಈಗ ಡೈ ಕಡೆಸುವುದು ತಪ್ಪು ಲೆಕ್ಕ. ಬಿಸಿ ಸಾರು, ಪಾಯಸ ಬಹಳ ಹೊತ್ತು ನಿಲ್ಲುವ ಆಳದ ಬಟ್ಟಲಿಗಿಂತ ಒಣ ತಿಂಡಿಯ ತಟ್ಟೆಗೆ ಒತ್ತು ಕೊಡುವುದು ಸದ್ಯಕ್ಕೆ ವಿವೇಕದ ದಾರಿ ಎಂದು ನನ್ನ ಅಭಿಪ್ರಾಯ.

ಇದೇ ಕಾಳಜಿಯಿಂದ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೆ ಬೀಳುವ ಹಾಳೆಗಳಲ್ಲಿ ಮೈಲುತುತ್ತಿನ ನೀಲಿ ಕಲೆ ಇರುತ್ತದೆ. ಅಂಥದ್ದು ಊಟದ ತಟ್ಟೆಗೆ ಸಲ್ಲದು, ಎಷ್ಟು ತಿಕ್ಕಿ ತೊಳೆದರೂ ಬೇಡ. ಅದರ ತುಂಡುಗಳನ್ನು ಹಟ್ಟಿಗೂ ಹಾಕಬೇಡಿ. ಒಳ್ಳೆಯ ಹಾಳೆ ಸಿಗುವುದು ಮಳೆ ನಿಂತ ಮೇಲೆ. ಬಿದ್ದ ದಿನವೇ ಹೆಕ್ಕಿ ಒಣಗಿಸಿ, ಗಾಳಿಯಾಡುವ ಅಟ್ಟದಲ್ಲಿ ನಿಲ್ಲಿಸಿಟ್ಟರೆ ಮಳೆಗಾಲದಲ್ಲೂ ಕೆಲಸ ಸಾಗುತ್ತದೆ.

ಮಳೆಗಾಲದಲ್ಲಿ ಯಂತ್ರ ನಿಲ್ಲಿಸುವವರು ಡೈಗಳನ್ನು ಬಿಚ್ಚಿ, ಬಿಸಿ ಇರುವಾಗಲೇ ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ತೆಂಗಿನೆಣ್ಣೆ ಸವರಿ ಇಡಲಿ. ಗ್ರೀಸ್, ಯಂತ್ರದ ಎಣ್ಣೆ ತಟ್ಟೆಗೆ ತಾಗುವ ಮೈಗೆ ಬೇಡ. ಮತ್ತೆ ಆರಂಭಿಸುವಾಗ ಎಣ್ಣೆ ಪೂರ್ತಿ ಒರೆಸಿ, ಸ್ಟಾಪರ್ ಬೋಲ್ಟು ಸಡಿಲವಾಗಿದೆಯೇ ನೋಡಿ, ಚಪಾತಿ ಹಿಟ್ಟಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಎಣ್ಣೆಯ ಕಲೆ ಪೂರ್ತಿ ಹೋಗುವವರೆಗೆ ಒತ್ತಿದ ತಟ್ಟೆಗಳನ್ನು ಮಾರಾಟಕ್ಕೆ ಸೇರಿಸಬೇಡಿ.