ಮೆಕ್ಯಾನಿಕಲ್ ಓದಿನಿಂದ ಪಿಎಸ್‌ಐ ತರಬೇತಿಯವರೆಗೆ: ನನ್ನ ಅನುಭವ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ 2016ರಲ್ಲಿ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದಾಗ ಪೊಲೀಸ್ ಇಲಾಖೆಯ ಯೋಚನೆ ನನ್ನ ತಲೆಯಲ್ಲಿ ಸುಳಿದಿರಲಿಲ್ಲ. ಮೂರನೆಯ ವರ್ಷದಲ್ಲಿದ್ದಾಗ ನಮ್ಮ ಹಾಸ್ಟೆಲಿನ ಹಿರಿಯರೊಬ್ಬರು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗೆ ಆಯ್ಕೆಯಾದರು. ಅರ್ಜಿ ಹಾಕಲು ಕಾನೂನು ಓದಿರಬೇಕಾಗಿಲ್ಲ, ಮಾನ್ಯತೆ ಪಡೆದ ಯಾವುದೇ ಪದವಿ ಸಾಕು ಎಂಬುದು ನನಗೆ ತಿಳಿದದ್ದು ಅವರಿಂದಲೇ. ಅಂದಿನಿಂದ ನನ್ನ ದಿನಚರಿ ಎರಡು ಭಾಗವಾಯಿತು: ಹಗಲು ಥರ್ಮೋಡೈನಮಿಕ್ಸ್, ಬೆಳಗು ಸಂಜೆ ನೇಮಕಾತಿಯ ತಯಾರಿ.

ದೈಹಿಕ ಪರೀಕ್ಷೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಪುರುಷರಿಗೆ 168 ಸೆಂಟಿಮೀಟರ್ ಎತ್ತರ ಇರಬೇಕು, 1,600 ಮೀಟರನ್ನು 7 ನಿಮಿಷದೊಳಗೆ ಓಡಬೇಕು, 3.80 ಮೀಟರ್ ಉದ್ದ ಜಿಗಿಯಬೇಕು ಅಥವಾ 1.20 ಮೀಟರ್ ಎತ್ತರ ಜಿಗಿಯಬೇಕು, 7.26 ಕಿಲೋ ತೂಕದ ಗುಂಡನ್ನು 5.60 ಮೀಟರ್ ದೂರ ಎಸೆಯಬೇಕು. ಸಿವಿಲ್ ವಿಭಾಗದಿಂದ ಸರ್ವೆ ಟೇಪು ಕೇಳಿ ತಂದು ಕಾಲೇಜಿನ ಮೈದಾನವನ್ನು ಅಳೆದಾಗ ಸುತ್ತಳತೆ 320 ಮೀಟರ್ ಬಂತು; ಐದು ಸುತ್ತಿಗೆ ಲೆಕ್ಕ ಸರಿಹೋಗುತ್ತಿತ್ತು. ಓಟ ನಾಲ್ಕು ತಿಂಗಳಲ್ಲಿ ಹಿಡಿತಕ್ಕೆ ಬಂದರೂ ಗುಂಡು ಎಸೆತ ಮಾತ್ರ ಬಹಳ ಕಾಡಿತು. ಬಲವು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿ ಬರಬೇಕೆಂಬುದು ಅರ್ಥವಾಗುವವರೆಗೆ ನಾನು ಬರಿಯ ತೋಳಿನಿಂದ ಎಸೆದು ಭುಜ ನೋಯಿಸಿಕೊಂಡೆ. ಬಲ ಹೇಗೆ ಸಾಗುತ್ತದೆಂಬುದನ್ನೇ ನಾಲ್ಕು ವರ್ಷ ಓದುತ್ತಿದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಲಿಖಿತ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿವೆ. ಎರಡನೆಯದು 150 ಅಂಕಗಳ ಸಾಮಾನ್ಯ ಅಧ್ಯಯನ: 100 ಪ್ರಶ್ನೆಗಳು, ಪ್ರತಿಯೊಂದಕ್ಕೂ 1.5 ಅಂಕ, ತಪ್ಪಿದರೆ 0.375 ಅಂಕ ಕಡಿತ. ನಾಲ್ಕು ತಪ್ಪು ಮಾಡಿದರೆ ಒಂದು ಸರಿ ಉತ್ತರದ ಫಲ ಹೋಗುತ್ತದೆಂದು ಲೆಕ್ಕ ಹಾಕಿ, ನಾಲ್ಕು ಆಯ್ಕೆಗಳಲ್ಲಿ ಎರಡನ್ನಾದರೂ ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದಾಗ ಮಾತ್ರ ಗುರುತು ಹಾಕುವ ನಿಯಮವನ್ನು ನಾನು ಇಟ್ಟುಕೊಂಡೆ. ಮಾನಸಿಕ ಸಾಮರ್ಥ್ಯ ಮತ್ತು ವಿಜ್ಞಾನದ ಪ್ರಶ್ನೆಗಳು ತಾಂತ್ರಿಕ ಶಿಕ್ಷಣ ಪಡೆದವರಿಗೆ ಸುಲಭ. ಇತಿಹಾಸ, ಭೂಗೋಳಗಳನ್ನು ಹೈಸ್ಕೂಲು ಪಠ್ಯಪುಸ್ತಕಗಳಿಂದಲೇ ಮತ್ತೆ ಆರಂಭಿಸಬೇಕಾಯಿತು.

ನನ್ನನ್ನು ನಿಜವಾಗಿ ಕಂಗೆಡಿಸಿದ್ದು 50 ಅಂಕಗಳ ಮೊದಲನೆಯ ಪತ್ರಿಕೆ. ಪ್ರಬಂಧಕ್ಕೆ 20, ಸಾರಾಂಶ ಬರಹಕ್ಕೆ 10, ಕನ್ನಡ ಮತ್ತು ಇಂಗ್ಲಿಷಿನ ನಡುವಿನ ಭಾಷಾಂತರಕ್ಕೆ 20 ಅಂಕ. ಒಟ್ಟು ಒಂದೂವರೆ ಗಂಟೆ. ನಾನು ಶುಲ್ಕ ಕಟ್ಟಿ ಸೇರಿದ್ದ ತರಬೇತಿ ಕೇಂದ್ರದಲ್ಲಿ ಈ ಪತ್ರಿಕೆಗೆಂದು ಒಂದು ತರಗತಿಯೂ ನಡೆಯಲಿಲ್ಲ. ಹಳೆಯ ಪ್ರಬಂಧಗಳ ಜೆರಾಕ್ಸ್ ಪ್ರತಿಗಳನ್ನು ಕೊಟ್ಟು ಬಾಯಿಪಾಠ ಮಾಡಿರೆಂದರು. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಲ್ಯಾಬ್ ರೆಕಾರ್ಡ್ ಮಾತ್ರ ಬರೆದಿದ್ದ ನನಗೆ ಕನ್ನಡದಲ್ಲಿ ಒಂದು ಪುಟ ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು, ವಾಕ್ಯ ಅದಕ್ಕಿಂತ ಮೊದಲೇ ಸೋಲುತ್ತಿತ್ತು.

ಕೊನೆಗೆ ನಾನು ಪಿಯುಸಿಯಲ್ಲಿ ಕನ್ನಡ ಕಲಿಸಿದ್ದ ಮೇಷ್ಟ್ರ ಮನೆಗೆ ಹೋದೆ. ಅವರು ಹೇಳಿದ ಕ್ರಮ ಸರಳವಾಗಿತ್ತು. ಪ್ರತಿ ರಾತ್ರಿ ಪತ್ರಿಕೆಯ ಸಂಪಾದಕೀಯವೊಂದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಬೇಕು, ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾರಾವನ್ನು ಕನ್ನಡಕ್ಕೆ ತರಬೇಕು, ಭಾನುವಾರ ಎಲ್ಲವನ್ನೂ ಅವರ ಮುಂದೆ ಇಡಬೇಕು. ಮೊದಲ ಭಾನುವಾರವೇ ನನ್ನ ಹಾಳೆಯ ತುಂಬ ಕೆಂಪು ಗುರುತುಗಳು ಬಿದ್ದವು. 'ಯೋಜನೆಯನ್ನು ಜಾರಿಗೊಳಿಸಲಾಯಿತು', 'ಹಣವನ್ನು ಬಿಡುಗಡೆ ಮಾಡಲಾಯಿತು' ಎಂದು ನಾನು ಬರೆದಲ್ಲೆಲ್ಲ ಅವರು 'ಲಾಯಿತು' ಎಂಬುದಕ್ಕೆ ಸುತ್ತು ಹಾಕಿ, "ಯಾರು ಮಾಡಿದ್ದಪ್ಪಾ?" ಎಂದು ಕೇಳಿದರು. ಲ್ಯಾಬ್ ರೆಕಾರ್ಡಿನ ಕರ್ತೃವಿಲ್ಲದ ವಾಕ್ಯ ನನ್ನ ಕನ್ನಡಕ್ಕೂ ಹರಿದು ಬಂದಿತ್ತು. ಆ ಅಭ್ಯಾಸ ಬಿಡಲು ಐದಾರು ತಿಂಗಳು ಹಿಡಿಯಿತು. ಆದರೆ ಮಾಡಿದವರು ಯಾರೆಂದು ಹೇಳಿದ ಕೂಡಲೇ ವಾಕ್ಯ ತಾನಾಗಿ ಚಿಕ್ಕದಾಗುತ್ತಿತ್ತು, ಸಾರಾಂಶ ಬರಹವೂ ಅದರಿಂದಲೇ ಸುಲಭವಾಯಿತು.

545 ಹುದ್ದೆಗಳ ಪರೀಕ್ಷೆಯನ್ನು ನಾನು 2021ರ ಅಕ್ಟೋಬರ್ 3ರಂದು ಬರೆದೆ. ಅಕ್ರಮ ನಡೆದದ್ದು ಬಯಲಾದ ಮೇಲೆ ಸರ್ಕಾರ 2022ರ ಏಪ್ರಿಲಿನಲ್ಲಿ ಅದನ್ನು ರದ್ದುಪಡಿಸಿತು. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷ ಕಾಯಬೇಕಾಯಿತು. ಆ ಅವಧಿಯಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತ, ರಾತ್ರಿಪಾಳಿ ಇದ್ದ ವಾರಗಳಲ್ಲಿ ಓದನ್ನು ಪೂರ್ತಿ ಕೈಬಿಟ್ಟು ಬರಹವನ್ನು ಮಾತ್ರ ಉಳಿಸಿಕೊಂಡೆ. 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ಎರಡನೆಯ ಪತ್ರಿಕೆಯಲ್ಲಿ ನನ್ನ ಅಂಕ ಸಾಧಾರಣ. ಆಯ್ಕೆಪಟ್ಟಿಯೊಳಗೆ ನನ್ನನ್ನು ಎಳೆದು ತಂದದ್ದು ಮೊದಲನೆಯ ಪತ್ರಿಕೆ.

ನಾವು ತರಬೇತಿಗೆ ಸೇರುವ ಹೊತ್ತಿಗೆ ಕಾನೂನೇ ಬದಲಾಗಿತ್ತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಹಿರಿಯ ಸಿಬ್ಬಂದಿಯ ಬಾಯಲ್ಲಿ ಮಾತ್ರ 302, 420 ಎಂಬ ಹಳೆಯ ಸಂಖ್ಯೆಗಳೇ ಓಡಾಡುತ್ತಿದ್ದವು. ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊದಲ್ಲಿ ದಾಖಲಿಸಬೇಕು. ಹಾಗೆ ದಾಖಲಿಸಿದ ಕಡತವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ಪಡೆದ ಗುರುತಿನ ಸಂಖ್ಯೆ, ನಮೂದಾಗಬೇಕು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆಂಬುದನ್ನು ಕಲಾ ಪದವಿಯ ಗೆಳೆಯರಿಗೆ ರಾತ್ರಿ ಕುಳಿತು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಬದಲಿಗೆ ಅವರು ನನಗೆ ಕಲಮುಗಳನ್ನು ನೆನಪಿಡುವುದನ್ನು ಕಲಿಸಿದರು.

ಅಣಕು ಕೊಲೆ ಪ್ರಕರಣವೊಂದರಲ್ಲಿ ಸ್ಥಳದ ನಕ್ಷೆ ಬರೆಯಲು ಹೇಳಿದಾಗ ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಕೈಗೆ ಬಂತು. ಉತ್ತರ ದಿಕ್ಕನ್ನು ಗುರುತಿಸಿ, ಅಲುಗಾಡದ ಎರಡು ಬಿಂದುಗಳಿಂದ, ಅಂದರೆ ಬಾಗಿಲ ಚೌಕಟ್ಟು ಮತ್ತು ವಿದ್ಯುತ್ ಕಂಬದಿಂದ, ಚಾಕು ಬಿದ್ದಿದ್ದ ಜಾಗಕ್ಕೆ ದೂರ ಅಳೆದು ಹಾಕಿದೆ. ನಕ್ಷೆಯನ್ನು ಬೋಧಕರು ಮೆಚ್ಚಿದರು. ಆಮೇಲೆ ಮಹಜರಿನ, ಅಂದರೆ ಪಂಚರೆಂಬ ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆಯುವ ದಾಖಲೆಯ, ಹಾಳೆಯನ್ನು ತಿರುವಿ, ಅದರಲ್ಲಿ ನಾನು ಬರೆದಿದ್ದ 'ಚಾಕುವನ್ನು ವಶಪಡಿಸಿಕೊಳ್ಳಲಾಯಿತು' ಎಂಬ ವಾಕ್ಯದ ಮೇಲೆ ಬೆರಳಿಟ್ಟು, "ಯಾರು ವಶಪಡಿಸಿಕೊಂಡರು, ಯಾವ ಪಂಚರ ಎದುರು, ಎಷ್ಟು ಗಂಟೆಗೆ?" ಎಂದರು. ಆ ಮಹಜರನ್ನು ನಾನು ಮೂರು ಸಲ ತಿರುಗಿ ಬರೆದೆ.