ರಶೀದಿಯ ಬೆನ್ನಿಗೆ ಬರೆದ ಸಿನಿಮಾ

ಮನೆಮನೆಗೆ ಟಿವಿ ಕೇಬಲ್ ಎಳೆಯುವ ನಮ್ಮ ಕಸುಬಿನವರಿಗೆ 2019ರ ಫೆಬ್ರವರಿಯನ್ನು ನೆನಪು ಮಾಡಿಕೊಡಬೇಕಾಗಿಲ್ಲ. ಬೇಕಾದ ಚಾನೆಲ್‌ಗೆ ಮಾತ್ರ ಹಣ ಕೊಟ್ಟರೆ ಸಾಕು ಎಂಬ ನಿಯಮ ಬಂತು. ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ಚಿಲ್ಲರೆ, ಉಳಿದದ್ದಕ್ಕೆಲ್ಲ ಬೇರೆ ಲೆಕ್ಕ. ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ನನ್ನ ಲೈನಿನಲ್ಲಿ ಆಗ ಮುನ್ನೂರ ಹತ್ತೋ ಇಪ್ಪತ್ತೋ ಮನೆಗಳಿದ್ದವು. ಮಲಯಾಳ ಪ್ಯಾಕನ್ನು, ಎಂದರೆ ಆ ಭಾಷೆಯ ಚಾನೆಲ್‌ಗಳ ಕಟ್ಟನ್ನು, ಯಾರೂ ಬಿಡಲಿಲ್ಲ. ವಾರ್ತೆಗೆ ಬೇಕು, ಮಕ್ಕಳಿಗೆ ಬೇಕು. ಕತ್ತರಿ ಬಿದ್ದದ್ದು ಕನ್ನಡಕ್ಕೆ. ಮೂರು ತಿಂಗಳು ಕಳೆಯುವಾಗ ಕನ್ನಡ ಪ್ಯಾಕ್ ಉಳಿಸಿಕೊಂಡವರು ಎಂಬತ್ತು ಮನೆಯವರು. ಗಡಿನಾಡಿನ ಕನ್ನಡದ ಬಗ್ಗೆ ವೇದಿಕೆ ಹತ್ತಿ ಗಂಟಲು ಹರಿದುಕೊಳ್ಳುವ ಒಂದು ಮನೆಯವರೇ ಮೊದಲು ಬಿಟ್ಟರು. ಹೆಸರು ಹೇಳುವುದಿಲ್ಲ, ತಿಂಗಳಿಗೆ ಐವತ್ತು ರೂಪಾಯಿಯ ವಿಷಯ.

ಕಲೆಕ್ಷನ್‌ಗೆ ಹೋದಾಗ ಎಲ್ಲ ಕಡೆಯೂ ಒಂದೇ ಮಾತು: "ಕನ್ನಡದಲ್ಲಿ ನೋಡಲಿಕ್ಕೆ ಏನಿದೆ?" ಇದ್ದದ್ದು ಇವರಿಗೆ ಗೊತ್ತಿಲ್ಲ, ಅಷ್ಟೇ. ಹಳೆಯ ಒಳ್ಳೆಯ ಚಿತ್ರಗಳು ಬರುತ್ತಲೇ ಇರುತ್ತವೆ, ಯಾರಿಗೂ ಬೇಡದ ಹೊತ್ತಿನಲ್ಲಿ. ಯಾವ ದಿನ ಯಾವುದು ಎಂದು ರಶೀದಿಯ ಹಿಂದೆ ಬರೆದುಕೊಟ್ಟರೆ ಹೇಗೆ ಎಂದು ಪಾಲುದಾರನಾದ ನನ್ನ ಭಾವನಲ್ಲಿ ಕೇಳಿದೆ. "ಕಪ್ಪುಬಿಳುಪು ಸಿನಿಮಾ ನೋಡಲು ಯಾರಾದರೂ ದುಡ್ಡು ಕೊಡುತ್ತಾರೆಯೇ? ನಿನಗೆ ಮರುಳು" ಎಂದ. ಬದಲಿಗೆ ಲೋಕಲ್ ಚಾನೆಲ್‌ನಲ್ಲಿ ನಾವೇ ಡಿಸ್ಕ್ ಹಾಕೋಣ ಎಂಬುದು ಅವನ ಯೋಜನೆ. ಹಕ್ಕಿಲ್ಲದ ಚಿತ್ರ ಹಾಕಿ ಕೇಸು ಮೈಮೇಲೆ ಎಳೆದುಕೊಳ್ಳುವುದಕ್ಕಿಂತ ಮರುಳೇ ವಾಸಿ ಎಂದು ನಾನು ಶುರು ಮಾಡಿಬಿಟ್ಟೆ.

ಮೊದಲ ಪೆಟ್ಟು ಕಾಗದದ್ದು. ಬಿಲ್ಲಿಂಗ್ ಮೆಷಿನ್‌ನ ರಶೀದಿಯ ಹಿಂದೆ ಬರೆದುಕೊಟ್ಟಿದ್ದೆ. ಹೆಂಗಸರು ಅದನ್ನು ಒಲೆಯ ಪಕ್ಕದ ಗೋಡೆಗೆ ಸಿಕ್ಕಿಸಿದರು. ಶಾಖಕ್ಕೆ ಕಾಗದ ಕಪ್ಪಾಗಿ ನನ್ನ ಅಕ್ಷರವೂ ಹೋಯಿತು, ಹಣ ಕೊಟ್ಟ ಸಾಕ್ಷಿಯೂ ಹೋಯಿತು. ಇಬ್ಬರು ಹಣ ಕೊಟ್ಟಾಗಿದೆ ಎಂದು ಜಗಳಕ್ಕೇ ಬಂದರು. ಹಳೆಯ ಕಾರ್ಬನ್ ಪುಸ್ತಕಕ್ಕೆ ಮರಳಿದೆ. ಪುಸ್ತಕವೊಂದಕ್ಕೆ ನಲವತ್ತೈದೋ ಐವತ್ತೋ, ತಿಂಗಳಿಗೆ ನಾಲ್ಕು ಬೇಕು. ಈ ಖರ್ಚನ್ನು ಭಾವ ಇವತ್ತಿಗೂ ನನ್ನ ಪಾಲಿನಿಂದಲೇ ಕಳೆಯುತ್ತಾನೆ.

ಎರಡನೆಯ ಪೆಟ್ಟು ದೊಡ್ಡದು. ಮೊದಲ ಚೀಟಿಯಲ್ಲಿ ನಾನು ಬರೆದದ್ದು ಹೀಗೆ: "ಘಟಶ್ರಾದ್ಧ. 1977. ನಿರ್ದೇಶನ ಗಿರೀಶ ಕಾಸರವಳ್ಳಿ. ಸ್ವರ್ಣಕಮಲ ಪಡೆದ ಚಿತ್ರ. ತಪ್ಪದೆ ನೋಡಿ." ನಲವತ್ತು ಮನೆಗೆ ಕೊಟ್ಟೆ. ಮುಂದಿನ ತಿಂಗಳು ವಿಚಾರಿಸಿದರೆ ನೋಡಿದವರು ಇಬ್ಬರು, ಅವರಲ್ಲಿ ಒಬ್ಬರು ನಡುವೆ ನಿದ್ದೆ ಹೋಗಿದ್ದರು. ಬೀಡಿ ಕಟ್ಟುವ ಒಬ್ಬ ಅಕ್ಕ ಮುಖಕ್ಕೇ ಹೇಳಿದರು: "ಅಣ್ಣಾ, ಅದರಲ್ಲಿ ಮಾತೇ ಇಲ್ಲ. ನಾನು ಎಲೆ ನೋಡುವುದೋ, ಟಿವಿ ನೋಡುವುದೋ?"

ಹದಿನೆಂಟು ವರ್ಷ ಕೇಬಲ್ ಎಳೆದ ನನಗೆ ಇದು ಹೊಳೆದಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಟಿವಿಯನ್ನು ನೋಡುವುದಿಲ್ಲ, ಕೇಳುತ್ತಾರೆ. ಕೈಯಲ್ಲಿ ಬೀಡಿಯ ಎಲೆಯೋ, ಸುಲಿಯಬೇಕಾದ ಒಣ ಅಡಿಕೆಯೋ ಇರುತ್ತದೆ. ದನಿ ಏರಿದಾಗ ಮಾತ್ರ ತಲೆ ಏಳುತ್ತದೆ. ಹಾಗಾಗಿ ಚಿತ್ರಗಳನ್ನು ಕಣ್ಣಿನ ಚಿತ್ರ, ಕಿವಿಯ ಚಿತ್ರ ಎಂದು ಎರಡು ಪಾಲು ಮಾಡಿದೆ. ಗೆಜ್ಜೆಪೂಜೆ ಕಿವಿಯ ಚಿತ್ರ. ಸತ್ಯ ಹರಿಶ್ಚಂದ್ರವಂತೂ ತಾಳಮದ್ದಳೆ, ಎಂದರೆ ವೇಷ ಕುಣಿತಗಳಿಲ್ಲದ ಮಾತಿನ ಯಕ್ಷಗಾನ, ಕೇಳಿ ಬೆಳೆದ ಮನೆಗಳಿಗೆ ಹೇಳಿ ಮಾಡಿಸಿದ್ದು. ಉದಯಕುಮಾರರ ವಿಶ್ವಾಮಿತ್ರ ತಾಳಮದ್ದಳೆಯಲ್ಲಿ ಮಾತಾಡುವ ಯಾವ ಅರ್ಥಧಾರಿಯ ಮಟ್ಟಕ್ಕೆ ಬರುತ್ತಾನೆ ಎಂದು ನೀರ್ಚಾಲಿನ ಹತ್ತಿರದ ಒಂದು ಜಗಲಿಯಲ್ಲಿ ಇಬ್ಬರು ಅಜ್ಜಂದಿರು ಗಂಟೆಗಟ್ಟಲೆ ವಾದ ಮಾಡಿದರು. ನನಗೆ ಅಂದು ಅಲ್ಲಿ ಎರಡು ಲೋಟ ಚಹಾ ಸಿಕ್ಕಿತು, ಹಣ ಸಿಗಲಿಲ್ಲ. ಘಟಶ್ರಾದ್ಧವನ್ನು ನಿವೃತ್ತ ಮಾಸ್ತರರ ಮನೆಗಳಿಗೆಂದು ತೆಗೆದಿಟ್ಟೆ.

ಆ ಮೇಲೆ ನಿರ್ದೇಶಕರು, ಪ್ರಶಸ್ತಿ, ಇಸವಿ ಎಲ್ಲವನ್ನೂ ಬಿಟ್ಟೆ. ಒಂದೇ ದೃಶ್ಯದ ಸುಳಿವು ಬರೆದೆ. ಭೂತಯ್ಯನ ಮಗ ಅಯ್ಯು ಬಂದಾಗ "ಲೋಕನಾಥರ ಉಪ್ಪಿನಕಾಯಿ ಇದೆ, ಊಟ ಮುಗಿಸಿ ಕುಳಿತುಕೊಳ್ಳಿ" ಎಂದಷ್ಟೇ. ಹರಿಶ್ಚಂದ್ರಕ್ಕಿಂತ ಇದು ಹೆಚ್ಚು ಓಡಿತು. ಬಂಗಾರದ ಮನುಷ್ಯಕ್ಕೆ "ಬಂಡೆಯಲ್ಲಿ ನೀರು ಸಿಗುತ್ತದೆಯೇ, ತೋಟ ಇದ್ದವರು ನೋಡಿ ಹೇಳಿ" ಎಂದು ಬರೆದೆ. ಕೊಳವೆಬಾವಿಗೆ ಲಕ್ಷಗಟ್ಟಲೆ ಸುರಿದ ಒಬ್ಬರು ಚಿತ್ರ ನಡೆಯುತ್ತಿರುವಾಗಲೇ ಫೋನ್ ಮಾಡಿ ನನ್ನನ್ನು ಬೈದರು. ನೋಡಿದರಲ್ಲ!

ಯಾವ ಚೀಟಿ ಯಾವ ಮನೆಗೆ ಎಂಬುದನ್ನು ಕಲಿತದ್ದು ಚೋಮನ ದುಡಿಯಿಂದ. ನೇಗಿಲು ಹಿಡಿಯಲು ಬಿಡದ ಊರಿನಲ್ಲಿ ಬೇಸಾಯದ ಆಸೆ ಹೊತ್ತ ಚೋಮನ ಕಥೆ ನಮ್ಮ ಮಣ್ಣಿನದೇ. ಹತ್ತಿರ ಹತ್ತಿರ ಇರುವ ಎರಡು ಮನೆಗಳಿಗೆ ಅದೇ ಚೀಟಿ ಕೊಟ್ಟೆ. ಒಂದು ಹಿಂದೆ ಧಣಿಗಳ ಮನೆ, ಇನ್ನೊಂದು 1970ರ ಭೂಸುಧಾರಣೆಯಲ್ಲಿ ಜಾಗ ಸಿಕ್ಕಿದ ಒಕ್ಕಲಿನ ಮನೆ. ಮೊದಲನೆಯದರಲ್ಲಿ ಅರ್ಧ ಗಂಟೆಯೊಳಗೆ ಟಿವಿ ಆರಿಸಿದರಂತೆ. ಎರಡನೆಯದರಲ್ಲಿ ಅಜ್ಜ ಬಾಯಿ ಬಿಡದೆ ಕೊನೆಯವರೆಗೂ ನೋಡಿ, ಚೋಮನ ಪಾತ್ರ ಮಾಡಿದ ವಾಸುದೇವರಾಯರ ಹೆಸರನ್ನು ನನ್ನಿಂದ ಎರಡು ಸಲ ಕೇಳಿ ತಿಳಿದುಕೊಂಡರು. ಆ ಮನೆಯವರು ಪ್ಯಾಕ್ ಬಿಟ್ಟಿಲ್ಲ. ಪಿಂಚಣಿಗಾಗಿ ಕಚೇರಿ ಅಲೆಯುವವನ ಚಿತ್ರವಾದ ತಬರನ ಕಥೆಯನ್ನು ಪಿಂಚಣಿಯ ಬಾಕಿಗಾಗಿ ಅಲೆಯುತ್ತಿದ್ದವರೊಬ್ಬರಿಗೆ ಬರೆದುಕೊಟ್ಟದ್ದು ನನ್ನ ಶುದ್ಧ ದಡ್ಡತನ. ಎರಡು ತಿಂಗಳು ಅವರು ನನ್ನೊಡನೆ ಮಾತನಾಡಲಿಲ್ಲ.

ಸಮಯದ ವಿಷಯ ಬೇರೆಯೇ ಕಷ್ಟ. ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿರುತ್ತಾರೆ ಎಂದು ನಂಬಿ ನವೆಂಬರ್‌ನಿಂದ ಕೈಸುಟ್ಟುಕೊಂಡೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಶನಿವಾರ ರಾತ್ರಿ ಆಟಕ್ಕೆ ಹೋದವರು ಮರುದಿನ ಸಂಜೆಯವರೆಗೆ ಮಲಗಿರುತ್ತಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದು ಮೊದಲೇ ಗೊತ್ತಿರಬೇಕಿತ್ತು. ಮೇ ಕೊನೆಯ ಹೊತ್ತಿಗೆ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ, ಗೆಜ್ಜೆ ಬಿಚ್ಚುತ್ತಾರೆ, ಮಳೆ ಹಿಡಿಯುತ್ತದೆ, ಅದು ನನ್ನ ಹಂಗಾಮು. ಆದರೆ ಆಗಲೇ ಕರೆಂಟ್ ಹೋಗುತ್ತದೆ, ಸಿಡಿಲಿಗೆ ಆಂಪ್ಲಿಫೈಯರ್ ಸುಡುತ್ತದೆ. ಒಂದು ಜೂನ್‌ನಲ್ಲಿ ರಿಪೇರಿಗೆ ಹದಿನಾಲ್ಕು ಸಾವಿರ ಹೋಯಿತು. ಚೀಟಿಯಿಂದ ಆ ವರ್ಷ ಬಂದದ್ದು ಅದರ ಕಾಲು ಭಾಗವೂ ಇರಲಿಕ್ಕಿಲ್ಲ. ಪರದೆಯ ಮೇಲೆ ಬರುವ ಕಾರ್ಯಕ್ರಮ ಪಟ್ಟಿಯನ್ನು ನಂಬಿ ನಾಲ್ಕು ಸಲ ಮರ್ಯಾದೆ ಕಳೆದುಕೊಂಡದ್ದೂ ಇದೆ. ಈಗ ನನಗೆ ವೇಳೆ ಮೊದಲೇ ಗೊತ್ತಾಗುತ್ತದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಕಸ್ತೂರಿ ನಿವಾಸ 1971ರದ್ದು, ಅದಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ತೆರೆಗೆ ತಂದರು. ಬಣ್ಣದ ಪ್ರತಿ ಟಿವಿಯಲ್ಲಿ ಬಂದಾಗ ಐದು ಮನೆಗಳಿಗೆ ಹೋಗಿ, ರಿಮೋಟ್‌ನಲ್ಲಿ ಬಣ್ಣವನ್ನು ಸೊನ್ನೆಗೆ ಇಳಿಸಿ ಕಪ್ಪುಬಿಳುಪಾಗಿ ನೋಡಲು ಹೇಳಿಕೊಟ್ಟೆ. ಮೂರು ಮನೆಯವರಿಗೆ ಹಾಗೆಯೇ ಚೆಂದ ಕಂಡಿತು. ಆದರೆ ಮರುದಿನ ಬೆಳಿಗ್ಗೆ ಐದೂ ಮನೆಗಳಿಂದ ಫೋನ್: "ಟಿವಿ ಹಾಳಾಗಿದೆ, ಬಣ್ಣವೇ ಇಲ್ಲ." ಸ್ಕೂಟರ್‌ಗೆ ನೂರೈವತ್ತು ರೂಪಾಯಿ ಪೆಟ್ರೋಲ್ ಹಾಕಿ ತಿರುಗಿದೆ. ಇದನ್ನು ಯಾರೂ ಮಾಡಬೇಡಿ.

ಭಾವನಿಗೆ ನಗಲು ಇನ್ನೊಂದು ಕಾರಣ ಇತ್ತು. ನಾನು ಹೇಳಿದ ಚಿತ್ರಗಳಲ್ಲಿ ಕೆಲವು ದೂರದರ್ಶನದ ಚಂದನದಲ್ಲಿ ಬರುತ್ತಿದ್ದವು. ಅದು ನಾವು ಕಡ್ಡಾಯವಾಗಿ ಕೊಡಲೇಬೇಕಾದ ಚಾನೆಲ್, ಪ್ರತ್ಯೇಕ ಹಣವಿಲ್ಲ. "ಪುಕ್ಕಟೆ ನೋಡಲು ನೀನೇ ಕಲಿಸುತ್ತೀಯ" ಎಂದು ಅವನ ಆಕ್ಷೇಪ. ಏಳೆಂಟು ಮನೆಯವರು ನಿಜವಾಗಿಯೂ ಅಷ್ಟೇ ಸಾಕೆಂದು ಪ್ಯಾಕ್ ಬಿಟ್ಟರು. ನಾನು ಚಂದನವನ್ನು ಕೈಬಿಡಲಿಲ್ಲ. ಅಲ್ಲಿ ರುಚಿ ಹತ್ತಿದವರು ಹೆಚ್ಚಿಗೆ ಬೇಕೆಂದು ತಾವೇ ಬಂದರು, ಬರಲು ಒಂದು ವರ್ಷ ತೆಗೆದುಕೊಂಡರು.

ಮಕ್ಕಳ ಕಥೆ ಹೇಳಲೇಬೇಕು. ಮಲಯಾಳ ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದುವವರಿಗೆ ನನ್ನ ಕನ್ನಡ ಅಕ್ಷರ ಬಾರದು. ಒಮ್ಮೆ ಚಿತ್ರದ ಹೆಸರನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಟ್ಟೆ. ಪ್ಯಾಕ್ ಬಿಟ್ಟ ಆ ಭಾಷಣದ ಮನೆಯವರೇ ಅದನ್ನು ಹೇಗೋ ಕಂಡು ನನ್ನನ್ನು ದ್ರೋಹಿ ಎಂದರು. ಈಗ ವೇಳೆಯನ್ನು ಮಾತ್ರ ದೊಡ್ಡ ಅಂಕೆಯಲ್ಲಿ ಬರೆಯುತ್ತೇನೆ, ಉಳಿದದ್ದು ಕನ್ನಡದಲ್ಲೇ. ಹುಡುಗರಿಗೆ ಆರೂವರೆಗೆ ಏನೋ ಇದೆ ಎಂದು ಗೊತ್ತಾಗುತ್ತದೆ, ಏನು ಎಂದು ತಿಳಿಯಲು ಅಜ್ಜಿಯ ಬಳಿಗೆ ಹೋಗಬೇಕು. ಅಜ್ಜಿ ಓದಿ ಹೇಳಿದ ಮೇಲೆ ಟಿವಿ ಹಾಕದೆ ಇರಲು ಸಾಧ್ಯವೇ?

ಲೈನಿನಲ್ಲಿ ಈಗ ಇನ್ನೂರ ಅರುವತ್ತು ಮನೆಗಳು ಉಳಿದಿರಬೇಕು, ಮೊಬೈಲ್ ಬಂದ ಮೇಲೆ ಎಲ್ಲರ ಪಾಡೂ ಇದೇ. ಆದರೆ ಅವುಗಳಲ್ಲಿ ನೂರ ಅರುವತ್ತಕ್ಕೆ ಕನ್ನಡ ಪ್ಯಾಕ್ ಇದೆ. ಎಂಬತ್ತರಿಂದ ಏರಿದ್ದು. ಭಾವ ಲೆಕ್ಕದ ಪುಸ್ತಕ ನೋಡಿ ಸುಮ್ಮನಿರುತ್ತಾನೆ, ಚೀಟಿಯ ಮಾತೆತ್ತುವುದಿಲ್ಲ.

ಕಳೆದ ಮಳೆಗಾಲದಲ್ಲಿ ಪಕ್ಕದ ಲೈನಿನವನು ನನ್ನ ಒಂದು ಚೀಟಿಯನ್ನು ಜೆರಾಕ್ಸ್ ಮಾಡಿಸಿ ತನ್ನ ಎಲ್ಲ ಮನೆಗಳಿಗೂ ಹಂಚಿದ. ಒಬ್ಬರೂ ನೋಡಲಿಲ್ಲವಂತೆ. ತಪ್ಪೆಲ್ಲಿ ಎಂದು ಕೇಳಿಕೊಂಡು ಬಂದ. ಬೀಡಿ, ಅಡಿಕೆ, ಪತ್ತನಾಜೆ ಎಲ್ಲ ಹೇಳಿದೆ. ಚೀಟಿ ಕೊಡುವ ಮೊದಲು ಆ ಮನೆಯಲ್ಲಿ ನಾನು ಕೇಳುವ ಎರಡು ಪ್ರಶ್ನೆಗಳನ್ನು ಹೇಳಲಿಲ್ಲ. ಅವನ ಕೊನೆಯ ಕಂಬ ನನ್ನ ಮೊದಲ ಕಂಬಕ್ಕೆ ತಾಗಿಕೊಂಡೇ ಇದೆ.