ಹಳೆಯ ಬಾಡಿಗೆ ಮನೆಗಳ ಸೀಸದ ಧೂಳು: ನನ್ನ ಅನುಭವ

ಅಮೆರಿಕದಲ್ಲಿ 1978ಕ್ಕಿಂತ ಮೊದಲು ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಡುವವರಿಗೆ ಸೀಸ ಬೆರೆತ ಹಳೆಯ ಬಣ್ಣದ (ಪೇಂಟ್) ಬಗೆಗಿನ ಕಾಗದಪತ್ರ ಹೊಸದೇನಲ್ಲ. ಕರಾರಿನ ಜೊತೆ ಒಂದು ನಮೂನೆಗೆ ಸಹಿ, ಕೈಗೆ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಕಿರುಪುಸ್ತಿಕೆ, ಅಲ್ಲಿಗೆ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಇಪಿಎ ಧೂಳಿನ ಮಿತಿಗಳನ್ನು ಬಿಗಿಗೊಳಿಸಿದ ಮೇಲೆ ನನಗೆ ಅಷ್ಟು ಸಾಲದು ಎನಿಸಿತು. ಸೀಸ ನಿವಾರಣೆಯ ಕೆಲಸ ಮುಗಿದಾಗ ಚದರ ಅಡಿಗೆ ಉಳಿಯಬಹುದಾದ ಸೀಸದ ಮಿತಿ ನೆಲದ ಮೇಲೆ 10 ಮೈಕ್ರೋಗ್ರಾಂನಿಂದ 5ಕ್ಕೆ, ಕಿಟಕಿಯ ಒಳಹಲಗೆಯ ಮೇಲೆ 100ರಿಂದ 40ಕ್ಕೆ ಇಳಿಯಿತು. ಪಾಲನೆಯ ಗಡುವು 2026ರ ಜನವರಿ 12.

ಈ ಫೆಡರಲ್ ನಿಯಮ ಪ್ರತಿ ಬಾಡಿಗೆ ಮನೆಯನ್ನೂ ಪರೀಕ್ಷಿಸಿ ಎನ್ನುವುದಿಲ್ಲ. ಕೆಲವು ರಾಜ್ಯ, ನಗರಗಳು ಮಾತ್ರ ಹಾಗೆ ಕೇಳುತ್ತವೆ. ಪರೀಕ್ಷೆ ಮಾಡಿಸಿದರೆ ಫಲಿತಾಂಶವನ್ನು ಬಾಡಿಗೆದಾರರಿಗೆ ತಿಳಿಸಲೇಬೇಕು. ಹಾಗಾಗಿ 'ಗೊತ್ತಿಲ್ಲದಿದ್ದರೇ ಕ್ಷೇಮ' ಎನ್ನುವ ಮಾಲೀಕರು ಬಹಳ. ನನಗದು ಒಪ್ಪಿಗೆಯಿಲ್ಲ: ಆರು ವರ್ಷದೊಳಗಿನ ಮಗುವಿನ ರಕ್ತಪರೀಕ್ಷೆಯಿಂದ ಮನೆಯಲ್ಲಿ ಸೀಸವಿದೆಯೆಂದು ತಿಳಿಯುವುದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ.

ತೊಂದರೆಯ ಮೂಲ ಗೋಡೆಯಲ್ಲ, ಕಿಟಕಿ. ಮೇಲೆ ಕೆಳಗೆ ಜಾರುವ ಹಳೆಯ ಮರದ ಕಿಟಕಿಯನ್ನು ಎತ್ತಿದರೆ ಕೆಳಗಿನ ತೋಡಿನಲ್ಲಿ ಬೂದುಬಿಳಿ ಪುಡಿ, ಸುರುಳಿಸುತ್ತಿದ ಬಣ್ಣದ ಚೂರು, ಸತ್ತ ನೊಣ. ಬಾಗಿಲು ಎತ್ತಿ ಇಳಿಸಿದಷ್ಟೂ ಮರಕ್ಕೆ ಮರ ಉಜ್ಜಿ ಹೊಸ ಪುಡಿ ಉದುರುತ್ತದೆ. ಮೇಲೆ ಎಷ್ಟು ಹೊಸ ಬಣ್ಣ ಬಳಿದರೂ ಉಜ್ಜುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಅದಕ್ಕೇ ಹಣವನ್ನೆಲ್ಲ ಕಿಟಕಿಗಳಿಗೇ ಸುರಿದೆ.

ಕಿಟಕಿ ಬದಲಿಸುವುದಕ್ಕೆ ಇಪಿಎ ಪ್ರಮಾಣಪತ್ರವಿರುವ ಗುತ್ತಿಗೆದಾರರೇ ಬೇಕು. ಒಳಗೋಡೆಯಲ್ಲಿ ಕೋಣೆಗೆ ಆರು ಚದರ ಅಡಿಯವರೆಗಿನ ಸಣ್ಣ ದುರಸ್ತಿಗೆ ಇರುವ ವಿನಾಯಿತಿ ಇದಕ್ಕಿಲ್ಲ. ಬಾಡಿಗೆ ಮನೆಯಲ್ಲಿ ಮಾಲೀಕನೇ ಉಳಿ ಹಿಡಿದರೂ ಅದೇ ಕಟ್ಟಳೆ. ದಪ್ಪ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸಿ ಕೆರೆದು, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕವಿರುವ ಯಂತ್ರದಿಂದ ಧೂಳು ಎಳೆದು, ಒದ್ದೆಬಟ್ಟೆಯಿಂದ ಒರೆಸಿದರು.

ಕೊನೆಯಲ್ಲಿ ಗುತ್ತಿಗೆದಾರರು ಒರೆಸಿದ ಬಟ್ಟೆಯ ಬಣ್ಣವನ್ನು ಒಂದು ಕಾರ್ಡಿಗೆ ಹೋಲಿಸಿ 'ಸ್ವಚ್ಛ' ಎಂದರು. ಸೀಸ ನಿವಾರಣೆಯಲ್ಲದ ಇಂಥ ದುರಸ್ತಿ ಕೆಲಸದ ನಿಯಮಕ್ಕೆ ಅಷ್ಟು ಸಾಕು. ಆದರೆ 5 ಮೈಕ್ರೋಗ್ರಾಂ ಕಣ್ಣಿಗೆ ಕಾಣುವ ವಸ್ತುವಲ್ಲ. ಪರವಾನಗಿ ಪಡೆದ ತಪಾಸಕರಿಂದ ಮಾದರಿ ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಿದೆ. ಒಂದು ಮಲಗುವ ಕೋಣೆಯ ಕಿಟಕಿ ಹಲಗೆ ಮಿತಿ ದಾಟಿತ್ತು. ಮತ್ತೆ ಒರೆಸಿದ ಮೇಲೆ ಒಳಗೆ ಬಂತು. ಎರಡೂ ವರದಿಗಳ ಪ್ರತಿಯನ್ನು ಬಾಡಿಗೆದಾರರಿಗೆ ಕೊಟ್ಟಿದ್ದೇನೆ. ಸಹಿ ಮಾಡಿದ ನಮೂನೆಯನ್ನು ಬಾಡಿಗೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕು. ವರದಿಗಳೂ ಅದೇ ಕಡತದಲ್ಲಿವೆ.